ಹವಳದ ಮನೆಗೆ ಎಷ್ಟು ಬೆಳಕು ಬೇಕು?

ದೀಪವೆಂದರೆ ಕತ್ತಲೆ ಓಡಿಸುವ ವಸ್ತು ಎಂದಷ್ಟೇ ನಾವು ತಿಳಿದಿರುತ್ತೇವೆ. ಆದರೆ ಆ ಬೆಳಕನ್ನೇ ಉಂಡು ಬದುಕುವ ಜೀವಿಗಳು ಮನೆಯೊಳಗಿದ್ದರೆ? ಆಗ ದೀಪ ಅಲಂಕಾರದ ಸಾಮಾನಾಗಿ ಉಳಿಯುವುದಿಲ್ಲ, ಅಕ್ಕಿ ಬೇಳೆಯ ಹಾಗೆ ದಿನಸಿಯ ಪಟ್ಟಿಗೆ ಸೇರುತ್ತದೆ. ಯಾವುದನ್ನು ತರಬೇಕು, ಎಷ್ಟು ತರಬೇಕು, ಎಷ್ಟಕ್ಕೆ ತರಬೇಕು ಎಂಬ ಲೆಕ್ಕವೆಲ್ಲ ಮನೆಯ ಖರ್ಚು ನೋಡಿಕೊಳ್ಳುವವಳ ತಲೆಯ ಮೇಲೆ ಬೀಳುತ್ತದೆ. ಹವಳದ ಅಕ್ವೇರಿಯಂ ಒಂದಕ್ಕೆ ದೀಪ ಆರಿಸಿದ ನನ್ನ ಅನುಭವವನ್ನು ನಿಮ್ಮ ಮುಂದಿಡುತ್ತಿದ್ದೇನೆ. ನಿಮ್ಮಲ್ಲಿ ಅಕ್ವೇರಿಯಂ ಸಾಕುವವರು ಕೆಲವರೇ ಇರಬಹುದು. ಆದರೆ ಅಂಗಡಿಯವರು ಬೇಕೆನ್ನುವುದು ಎಷ್ಟು, ಮನೆಗೆ ನಿಜವಾಗಿ ಬೇಕಾದದ್ದು ಎಷ್ಟು ಎಂದು ಅಳೆದು ನೋಡಬೇಕಾದ ಸಂದರ್ಭ ನಮಗೆಲ್ಲರಿಗೂ ಬರುತ್ತದೆ.

ನಾವಿರುವುದು ಶಾರ್ಜಾದಲ್ಲಿ, ಹಳೆಯ ಮನೆಯೊಂದರ ನೆಲ ಅಂತಸ್ತಿನಲ್ಲಿ. ಪಕ್ಕದಲ್ಲಿದ್ದ ತಲಶ್ಶೇರಿಯ ಸಹೋದರಿಯೊಬ್ಬರು 2023ರ ಮಾರ್ಚ್‌ನಲ್ಲಿ ಕುಟುಂಬ ಸಮೇತ ಊರಿಗೆ ಮರಳಿದರು. ಅವರ ಮನೆಯ ಮೂಲೆಯಲ್ಲಿ ಒಂದು ದೊಡ್ಡ ಗಾಜಿನ ತೊಟ್ಟಿ ಇತ್ತು. ಒಂದು ಪತ್ತಿರಿಯನ್ನು ನಾಲ್ಕು ಮಾಡಿದರೆ ಒಂದು ಭಾಗ ಹೇಗಿರುತ್ತದೋ ಹಾಗೆ ಅದರ ಆಕಾರ. ಗೋಡೆಗೆ ತಾಗುವ ಎರಡು ಬದಿಗಳು ನಾಲ್ಕು ನಾಲ್ಕು ಅಡಿ, ಎದುರಿಗೆ ಬಾಗಿದ ಗಾಜು, ಎತ್ತರ ಎರಡು ಅಡಿ. ಹಿಡಿಯುವ ನೀರು ಸುಮಾರು 600 ಲೀಟರ್. ನೀರಿನ ತೂಕವೇ 600 ಕಿಲೋ ದಾಟುವುದರಿಂದ ನೆಲ ಅಂತಸ್ತಿನವರಾದ ನಮಗೇ ಅದು ಬಂತು. ಬೆರಳಿನಷ್ಟು ಉದ್ದದ ತುಂಡುಗಳನ್ನು ತಂದು ಒಂಬತ್ತು ವರ್ಷ ಸಾಕಿ ದೊಡ್ಡದು ಮಾಡಿದ ಹವಳಗಳು ಅದರಲ್ಲಿದ್ದವು. "ಮಾರಿದರೆ ಹಣ ಬರುತ್ತಿತ್ತು. ಆದರೆ ನೋಡಿಕೊಳ್ಳುವವರ ಕೈಗೆ ಕೊಡಬೇಕೆನಿಸಿತು" ಎಂದರು. ನಂಬಿ ಒಪ್ಪಿಸಿದ್ದು ಅಮಾನತ್ತು ತಾನೆ? ಬೇಡವೆನ್ನಲು ಬಾಯಿ ಬರಲಿಲ್ಲ.

ತೊಟ್ಟಿಯ ಜೊತೆ ಬಂದದ್ದು 250 ವ್ಯಾಟ್‌ನ ಮೂರು ಹಳೆಯ ಮೆಟಲ್ ಹ್ಯಾಲೈಡ್ ದೀಪಗಳು. ಒಂದು ಉರಿಯುತ್ತಿರಲಿಲ್ಲ. ಉಳಿದೆರಡರ ಬಲ್ಬುಗಳ ಆಯಸ್ಸು ಮುಗಿಯುತ್ತಾ ಬಂದಿತ್ತು. ಹೊಸ ದೀಪ ವಿಚಾರಿಸಲು ಅಂಗಡಿಗೆ ಹೋದರೆ, ತೊಟ್ಟಿಯ ಅಳತೆ ಕೇಳಿದ ಅಂಗಡಿಯವರು ಐದು ಎಲ್‌ಇಡಿ ದೀಪಗಳ ಪಟ್ಟಿ ಬರೆದುಕೊಟ್ಟರು. ಒಂದಕ್ಕೆ 1,800 ದಿರ್ಹಂ, ಒಟ್ಟು 9,000. ಜುಲೈಯಲ್ಲಿ ಶಾಲೆಗೆ ರಜೆ ಸಿಕ್ಕಾಗ ಊರಿಗೆ ಹೋಗಲೆಂದು ನಾವು ಐದು ಮಂದಿಯ ಟಿಕೆಟ್‌ಗೆ ಕೂಡಿಟ್ಟ ಹಣ ಹೆಚ್ಚು ಕಡಿಮೆ ಅಷ್ಟೇ ಇತ್ತು. ಮಂಗಳೂರಿನಲ್ಲಿ ಉಮ್ಮನನ್ನು ನೋಡದೆ ಎರಡು ವರ್ಷ ಕಳೆದಿತ್ತು. "ಜೀವ ಇರುವ ವಸ್ತು. ಟಿಕೆಟ್ ಮುಂದಿನ ವರ್ಷ ಮಾಡೋಣ" ಎಂದರು ನನ್ನ ಯಜಮಾನರು. ಅವರ ಮಾತಿನಲ್ಲಿ ನ್ಯಾಯವಿತ್ತು. ಆದರೆ ಉಮ್ಮನ ವಯಸ್ಸೂ ನಿಲ್ಲುವುದಿಲ್ಲವಲ್ಲ! ಪಟ್ಟಿಯನ್ನು ಮಡಚಿ ಪರ್ಸಿನಲ್ಲಿಟ್ಟು, ಈ ಹವಳಗಳಿಗೆ ನಿಜವಾಗಿ ಎಷ್ಟು ಬೆಳಕು ಬೇಕೆಂದು ಮೊದಲು ತಿಳಿಯೋಣ ಎಂದೆ.

ಹವಳ ನೋಡಲು ಕಲ್ಲಿನಂತೆ, ಹೂವಿನಂತೆ ಕಂಡರೂ ಅದು ಪ್ರಾಣಿ. ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳು ವಾಸವಾಗಿರುತ್ತವೆ. ಗಿಡದ ಎಲೆಯಂತೆ ಈ ಪಾಚಿಗಳು ಬೆಳಕಿನಿಂದ ಸಕ್ಕರೆ ತಯಾರಿಸಿ, ಅದರ ಹೆಚ್ಚಿನ ಪಾಲನ್ನು ಹವಳಕ್ಕೆ ಕೊಡುತ್ತವೆ. ಬದಲಿಗೆ ಹವಳ ಅವಕ್ಕೆ ಇರಲು ಜಾಗ ಕೊಡುತ್ತದೆ. ಬೆಳಕು ಕಡಿಮೆಯಾದರೆ ಈ ಅಡುಗೆಮನೆ ಬಡವಾಗುತ್ತದೆ. ಹಾಗೆಂದು ಬೆಳಕನ್ನು ಸುರಿದರೆ ಒಳ್ಳೆಯದಾಗುತ್ತದೆಯೇ? ಅದೂ ಇಲ್ಲ. ಬೆಳಕು ಮತ್ತು ಬಿಸಿ ಮಿತಿ ಮೀರಿದರೆ ಪಾಚಿಯೊಳಗೆ ಹಾನಿಕರ ವಸ್ತುಗಳು ಹುಟ್ಟಿಕೊಳ್ಳುತ್ತವೆ. ಆಗ ಹವಳ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. ಇದನ್ನೇ ಬ್ಲೀಚಿಂಗ್ ಎನ್ನುತ್ತಾರೆ. ಹಾಗೆಯೇ ಮುಂದುವರಿದರೆ ಅದು ಹಸಿವಿನಿಂದ ಸಾಯುತ್ತದೆ. ನಮ್ಮ ಲಕ್ಷದ್ವೀಪದ ಹವಳಗಳು 1998, 2010, 2016 ಮತ್ತು 2024ರಲ್ಲಿ ಹೀಗೆ ಬೆಳ್ಳಗಾದದ್ದು ಸಮುದ್ರದ ನೀರು ಬಿಸಿಯಾದ ಕಾರಣದಿಂದ. ದೊಡ್ಡ ಸಮುದ್ರಕ್ಕೇ ತಾಳಲಾಗದ್ದನ್ನು ಪುಟ್ಟ ತೊಟ್ಟಿ ತಾಳೀತೇ?

ಇಲ್ಲಿ ಊರಿನ ಸಹೋದರಿಯರಿಗೆ ಒಂದು ಮುಖ್ಯ ಮಾತು. ಇದನ್ನೋದಿ ಹವಳ ಸಾಕುವ ಆಸೆಯಾದರೆ ಆ ಆಸೆಯನ್ನು ಅಲ್ಲಿಗೇ ಬಿಟ್ಟುಬಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಗೆ 2001ರಲ್ಲಿ ಗಟ್ಟಿ ಹವಳ, ಕಪ್ಪು ಹವಳ, ಸಮುದ್ರದ ಬೀಸಣಿಗೆ ಮುಂತಾದವು ಸೇರಿವೆ. ಹುಲಿಗಿರುವ ರಕ್ಷಣೆಯೇ ಅವಕ್ಕೂ ಇದೆ. ಮುರ್ಡೇಶ್ವರದಾಚೆಯ ನೇತ್ರಾಣಿಯಲ್ಲೋ ಲಕ್ಷದ್ವೀಪದಲ್ಲೋ ನೀರಿನಡಿ ಹವಳ ನೋಡಿ ಸಂತೋಷಪಡಬಹುದು, ಕಿತ್ತು ತರುವಂತಿಲ್ಲ. ಬೇರೆ ದೇಶಗಳಲ್ಲೂ ಗಟ್ಟಿ ಹವಳವನ್ನು ಗಡಿ ದಾಟಿಸಲು ಸೈಟಿಸ್ ಒಪ್ಪಂದದ ಪ್ರಕಾರ ಪರವಾನಗಿ ಬೇಕು. ನಾವು ಊರಿಗೆ ಬರುವಾಗ ಒಂದು ಚೂರನ್ನೂ ತರುವುದಿಲ್ಲ. ಇಲ್ಲಿ ಸಾಕುವವರು ಬೆಳೆದ ಹವಳದಿಂದ ತುಂಡು ಮುರಿದು ಒಬ್ಬರಿಗೊಬ್ಬರು ಕೊಡುತ್ತಾರೆ, ನಾವು ಮಲ್ಲಿಗೆಯ ಗೆಲ್ಲು ಹಂಚಿಕೊಳ್ಳುವ ಹಾಗೆ.

ಈಗ ದೀಪದ ವಿಷಯಕ್ಕೆ ಬರೋಣ. ಹಿತ್ತಲು ಇದ್ದವರಿಗೆ ಗೊತ್ತು, ಎಲ್ಲ ಗಿಡಕ್ಕೂ ಒಂದೇ ಬಿಸಿಲಲ್ಲ. ಮೆಣಸಿನ ಗಿಡ ನಡು ಅಂಗಳದ ಬಿಸಿಲು ಬೇಡುತ್ತದೆ. ವೀಳ್ಯದೆಲೆಯ ಬಳ್ಳಿ ಅಡಿಕೆ ಮರದ ನೆರಳಲ್ಲಿ ಹಬ್ಬುತ್ತದೆ. ಹವಳಗಳಲ್ಲೂ ಹೀಗೆಯೇ. ಅವುಗಳಿಗೆ ಸಿಗುವ ಬೆಳಕನ್ನು 'ಪಾರ್' ಎಂಬ ಅಳತೆಯಲ್ಲಿ ಹೇಳುತ್ತಾರೆ. ಗಿಡ ಮತ್ತು ಪಾಚಿಗಳು ಬಳಸಿಕೊಳ್ಳಬಲ್ಲ ಬೆಳಕಿನ ಕಣಗಳು ಒಂದು ಸೆಕೆಂಡಿಗೆ ಎಷ್ಟು ಬೀಳುತ್ತವೆ ಎಂಬ ಲೆಕ್ಕ ಅದು. ಉಷ್ಣವಲಯದ ಸಮುದ್ರದ ಮೇಲೆ ನಡು ಮಧ್ಯಾಹ್ನ ಅದು ಸುಮಾರು 2,000 ಇರುತ್ತದೆ. ಆಳಕ್ಕೆ ಹೋದಂತೆ ಕಡಿಮೆಯಾಗುತ್ತಾ ಹೋಗುತ್ತದೆ. ಅಣಬೆ ಹವಳಕ್ಕೆ ಸಾಮಾನ್ಯವಾಗಿ 50ರಿಂದ 100 ಸಾಕು. ಸುತ್ತಿಗೆ ಹವಳ, ಮಿದುಳು ಹವಳ, ಚರ್ಮದಂತಿರುವ ಮೆತ್ತನೆ ಹವಳ ಇವು 80ರಿಂದ 150ರಲ್ಲಿ ಸುಖವಾಗಿರುತ್ತವೆ. ಜಿಂಕೆಯ ಕೊಂಬಿನಂತೆ ಕವಲೊಡೆಯುವ ಹವಳಕ್ಕೆ ಮಾತ್ರ 250ರಿಂದ 350 ಬೇಕು.

ನಮ್ಮ ತೊಟ್ಟಿಯಲ್ಲಿ ಕೊಂಬಿನ ಹವಳ ಒಂದೂ ಇರಲಿಲ್ಲ. ಅಂಗಡಿಯವರು ಹೇಳಿದ ಐದು ದೀಪಗಳು ಅಂಥ ಹವಳ ತುಂಬಿದ ತೊಟ್ಟಿಗೆ ಸರಿಯಾದ ಲೆಕ್ಕ. ತೊಟ್ಟಿಯ ಅಳತೆ ಕೇಳಿದ ಅವರು ಒಳಗೆ ವಾಸಿಸುವವರು ಯಾರು ಎಂದು ಕೇಳಿರಲಿಲ್ಲ, ಅಷ್ಟೇ. ಮನೆಯ ವಿಸ್ತೀರ್ಣ ನೋಡಿ ಅನ್ನಕ್ಕೆ ಅಕ್ಕಿ ಹಾಕುವವರುಂಟೇ? ಉಣ್ಣುವವರ ತಲೆ ಎಣಿಸಿಯಲ್ಲವೇ ಹಾಕುವುದು?

ಮುಂದಿನ ತೊಡಕು ಆಕಾರದ್ದು. ದೀಪಗಳನ್ನೆಲ್ಲ ಚೌಕ ತೊಟ್ಟಿಗೆ ಸರಿಯಾಗಿ ಮಾಡಿರುತ್ತಾರೆ. ಕಾಲು ವೃತ್ತದ ಮೇಲೆ ಅವನ್ನು ಹೇಗೆ ಕೂರಿಸುವುದು? ಇದಕ್ಕೆ ನನಗೆ ಉತ್ತರ ಸಿಕ್ಕಿದ್ದು ಹೊಲಿಗೆಯಿಂದ. ಕಾಲು ವೃತ್ತ ಎಂದರೆ ಬೇರೇನೂ ಅಲ್ಲ, ನಾವು ಛತ್ರಿ ಲಂಗ ಕತ್ತರಿಸಲು ಬಟ್ಟೆಯನ್ನು ಮಡಚಿ ಗುರುತು ಹಾಕುತ್ತೇವಲ್ಲ, ಅದೇ. ಹಳೆಯ ಪೇಪರುಗಳನ್ನು ಅಂಟಿಸಿ, ಮೂಲೆಯಿಂದ ನಾಲ್ಕು ಅಡಿ ದಾರ ಹಿಡಿದು ತೊಟ್ಟಿಯ ನಿಜವಾದ ಅಳತೆಯಲ್ಲೇ ಆಕಾರ ಕತ್ತರಿಸಿದೆ. ಸಾಧಾರಣ ಎಲ್‌ಇಡಿ ಪೆಟ್ಟಿಗೆಯೊಂದನ್ನು ನೀರಿನಿಂದ ಒಂದು ಅಡಿ ಮೇಲೆ ತೂಗಿಸಿದರೆ ಸುಮಾರು ಎರಡು ಅಡಿ ಅಗಲದ ಜಾಗಕ್ಕೆ ಚೆನ್ನಾಗಿ ಬೆಳಕು ಬೀಳುತ್ತದೆ. ಹಾಗಾಗಿ ಎರಡು ಅಡಿ ಅಗಲದ ದುಂಡು ಕಾಗದಗಳನ್ನೂ ಕತ್ತರಿಸಿ ಅದರ ಮೇಲೆ ಇಟ್ಟು ನೋಡಿದೆ. ಒಂದು ಮೂಲೆಯ ಹತ್ತಿರ, ಎರಡು ಗೋಡೆಗಳ ಉದ್ದಕ್ಕೆ ಒಂದೊಂದು. ಮೂರು ಕಾಗದಗಳು ಅಂಚಿನಲ್ಲಿ ಸ್ವಲ್ಪ ಸ್ವಲ್ಪ ಒಂದರ ಮೇಲೊಂದು ಬಂದು ಚೆನ್ನಾಗಿ ಕೂತವು. ನಾಲ್ಕನೆಯದನ್ನು ಇಟ್ಟರೆ ಅದರ ಒಂದು ಭಾಗ ಬಾಗಿದ ಗಾಜಿನ ಹೊರಗೇ ಬೀಳುತ್ತಿತ್ತು. ಅಂದರೆ ದುಡ್ಡು ಕೊಟ್ಟು ಕೊಂಡ ಬೆಳಕು ಸೋಫಾದ ಮೇಲೆ ಕುಳಿತವರ ಕಣ್ಣಿಗೆ! ಗಾಜಿನ ಮೇಲೆ ಬೆಳಕು ಬಿದ್ದಷ್ಟೂ ಪಾಚಿ ಕಟ್ಟಿ ದಿನಾ ಉಜ್ಜುವ ಕೆಲಸ ಬೇರೆ.

ಮೂರೇ ದೀಪ ಇಟ್ಟರೆ ಎದುರಿನ ಬಾಗಿದ ಗಾಜಿನ ನಡುಭಾಗ ಮಸುಕಾಗಿ ಉಳಿಯುತ್ತದೆ, ನಿಜ. ಆದರೆ ಅದು ಕೊರತೆಯೆಂದು ನನಗನಿಸಲಿಲ್ಲ. ಅಣಬೆ ಹವಳಕ್ಕೆ ಬೇಕಾದದ್ದು ಅಂಥ ಜಾಗವೇ. ಆದ್ದರಿಂದ ಕಲ್ಲುಗಳನ್ನು ಎರಡು ಗೋಡೆಗಳ ಬದಿಗೆ ಬೆಟ್ಟದಂತೆ ಜೋಡಿಸಿ, ಎದುರಿಗೆ ಮರಳಿನ ಬಯಲು ಬಿಟ್ಟೆವು. ಎರಡು ದೀಪಗಳ ಬೆಳಕು ಕೂಡುವಲ್ಲಿ ಚರ್ಮದ ಹವಳ, ಅದರ ಕೆಳಗಿನ ಮೆಟ್ಟಿಲಲ್ಲಿ ಸುತ್ತಿಗೆ ಹವಳ, ಬಯಲಿನಲ್ಲಿ ಅಣಬೆ ಹವಳ. ಆಕಾರ ವಿಚಿತ್ರವಾಗಿದ್ದರೆ ಮೂಲೆ ಮೂಲೆಗೂ ಬೆಳಕು ತುಂಬಲು ಹೋಗಬೇಡಿ. ಬೆಳಕು ಎಲ್ಲಿ ಸುಲಭವಾಗಿ ಬೀಳುತ್ತದೆಯೋ ಅಲ್ಲಿಗೆ ಹವಳವನ್ನು ಕೊಂಡೊಯ್ಯಿರಿ.

ಇನ್ನು ಯಾವ ದೀಪ? ಹಳೆಯ ಮೆಟಲ್ ಹ್ಯಾಲೈಡ್‌ನ ಬೆಳಕು ಸೊಗಸು. ನೀರಿನಡಿ ಅಲೆಯಾಡುವ ಬಿಸಿಲಿನಂತೆ ಕಾಣುತ್ತದೆ. ಆದರೆ 250 ವ್ಯಾಟ್‌ನ ಮೂರು ದೀಪ ದಿನಕ್ಕೆ 8 ಗಂಟೆ ಉರಿದರೆ 6 ಯುನಿಟ್, ತಿಂಗಳಿಗೆ 180 ಯುನಿಟ್ ವಿದ್ಯುತ್. ಬಲ್ಬುಗಳನ್ನು ವರ್ಷಕ್ಕೊಮ್ಮೆಯಾದರೂ ಬದಲಿಸಬೇಕು. ಅವುಗಳ ಬಿಸಿಗೆ ನೀರೂ ಕಾಯುತ್ತದೆ. ಹವಳದ ನೀರು 25ರಿಂದ 27 ಡಿಗ್ರಿಯ ಸುತ್ತ ಇರಬೇಕು. ಗಲ್ಫ್‌ನ ಬೇಸಿಗೆಯಲ್ಲಿ ಮೊದಲು ಬಿಸಿ ಮಾಡುವ ದೀಪಕ್ಕೆ ದುಡ್ಡು, ಮತ್ತೆ ತಣ್ಣಗೆ ಮಾಡುವ ಯಂತ್ರಕ್ಕೆ ದುಡ್ಡು!

ಟಿ-5 ಟ್ಯೂಬ್‌ಲೈಟುಗಳ ಬೆಳಕು ಎಲ್ಲ ಕಡೆ ಸಮನಾಗಿ ಹರಡುತ್ತದೆ, ನೆರಳು ಕಡಿಮೆ. ಆದರೆ ನಾಲ್ಕು ಅಡಿಯ ನೇರ ಕೊಳವೆ ಬಾಗಿದ ತೊಟ್ಟಿಗೆ ಒಗ್ಗುವುದಿಲ್ಲ. ಒಂದು ವರ್ಷದೊಳಗೆ ಟ್ಯೂಬು ಬದಲಿಸುವ ಖರ್ಚೂ ಇದೆ. ಮೇಲಾಗಿ ಅದರಲ್ಲಿ ಪಾದರಸವಿರುವುದರಿಂದ ಯುರೋಪಿನ ದೇಶಗಳ ಒಕ್ಕೂಟ 2023ರ ಆಗಸ್ಟ್‌ನಲ್ಲಿ ಸಾಮಾನ್ಯ ಬಳಕೆಯ ಇಂಥ ಟ್ಯೂಬುಗಳನ್ನು ಮಾರುಕಟ್ಟೆಗೆ ಬಿಡುವುದನ್ನು ನಿಲ್ಲಿಸಿತು. ಮಿನಮಾತಾ ಒಪ್ಪಂದಕ್ಕೆ ಸಹಿ ಹಾಕಿದ ದೇಶಗಳೂ 2027ರ ಕೊನೆಯೊಳಗೆ ಇವುಗಳ ತಯಾರಿಕೆ ನಿಲ್ಲಿಸಲು ಅದೇ ವರ್ಷ ಒಪ್ಪಿವೆ. ನಾಳೆ ಬಿಡಿಭಾಗ ಸಿಗದ ವಸ್ತುವನ್ನು ಇಂದು ಅಗ್ಗವೆಂದು ಕೊಳ್ಳುವುದು ಜಾಣತನವಲ್ಲ.

ಉಳಿದದ್ದು ಎಲ್‌ಇಡಿ. ದುಬಾರಿ ಎಲ್‌ಇಡಿಗಳಲ್ಲಿ ಮೊಬೈಲಿನಿಂದಲೇ ಸೂರ್ಯೋದಯ, ಮೋಡ, ಬೆಳದಿಂಗಳು ಎಲ್ಲವನ್ನೂ ನಡೆಸಬಹುದು. ಹವಳಕ್ಕೆ ಮೋಡ ಬೇಕೆಂದೇನೂ ಇಲ್ಲ. ಅದಕ್ಕೆ ಬೇಕಾದದ್ದು ಸಾಕಷ್ಟು ನೀಲಿ ಬೆಳಕು, ಜೊತೆಗೆ ಸ್ವಲ್ಪ ಬಿಳಿ. ನೀರು ಕೆಂಪು ಬೆಳಕನ್ನು ಬೇಗ ಹೀರಿಕೊಂಡು ನೀಲಿಯನ್ನು ಆಳಕ್ಕೆ ಬಿಡುತ್ತದೆ. ಹವಳದೊಳಗಿನ ಪಾಚಿಗಳು ನೀಲಿಯನ್ನು ಬಳಸುವುದರಲ್ಲಿ ಪಳಗಿವೆ. ಚೀನಾದಲ್ಲಿ ತಯಾರಾಗುವ, 'ಬ್ಲ್ಯಾಕ್ ಬಾಕ್ಸ್' ಎಂದೇ ಕರೆಯುವ ಸರಳ ಕಪ್ಪು ಪೆಟ್ಟಿಗೆಗಳಲ್ಲಿ ನೀಲಿಗೊಂದು ತಿರುಗಣೆ, ಬಿಳಿಗೊಂದು ತಿರುಗಣೆ ಇರುತ್ತದೆ. ಅಂಥ ಮೂರನ್ನು ತಲಾ 380 ದಿರ್ಹಂಗೆ ತಂದೆವು. ಡಬ್ಬದ ಮೇಲೆ 165 ವ್ಯಾಟ್ ಎಂದಿದ್ದರೂ ಪ್ಲಗ್ಗಿನ ಮೀಟರಿನಲ್ಲಿ ನೋಡಿದರೆ ಪೂರ್ತಿ ಉರಿಸಿದಾಗಲೂ 110ರ ಸುಮಾರು. ಡಬ್ಬದ ಮೇಲಿನ ಅಂಕಿ ನೋಡಿ ದೀಪಗಳನ್ನು ಹೋಲಿಸಬೇಡಿ.

ಇಷ್ಟೆಲ್ಲ ಮಾಡಿದರೂ ಬೆಳಕು ಸಾಕೋ ಇಲ್ಲವೋ ಎಂದು ಕಣ್ಣಿನಿಂದ ಹೇಳಲಾಗದು. ನಮ್ಮ ಕಣ್ಣು ಹಸಿರು ಬೆಳಕಿಗೆ ಚುರುಕು, ನೀಲಿಗೆ ಮಂದ. ಮೊಬೈಲಿನ ಲಕ್ಸ್ ಆ್ಯಪ್ ಕೂಡ ಮನುಷ್ಯರ ಕಣ್ಣಿನ ಲೆಕ್ಕದಲ್ಲೇ ಅಳೆಯುವುದರಿಂದ ನೀಲಿ ದೀಪದಡಿ ತಪ್ಪು ಹೇಳುತ್ತದೆ. ನೀರಿನಡಿ ಇಳಿಸಬಹುದಾದ ಪಾರ್ ಮೀಟರ್ ಬೇಕು. ಕೊಳ್ಳಲು ಹೋದರೆ ದೀಪಗಳಿಗಿಂತ ದುಬಾರಿ. ಒಂದು ದಿನಕ್ಕಾಗಿ ಕೊಳ್ಳುವುದೇಕೆ? ಹವಳ ಸಾಕುವವರೊಬ್ಬರಿಂದ 100 ದಿರ್ಹಂಗೆ ಬಾಡಿಗೆಗೆ ತಂದೆವು. ನಾನು ಕಾಗದದಲ್ಲಿ ತೊಟ್ಟಿಯ ಚಿತ್ರ ಬರೆದು ಕುಳಿತೆ, ಮಗಳು ಮೀಟರಿನ ಕಡ್ಡಿಯನ್ನು ಒಂದೊಂದು ಹವಳದ ಪಕ್ಕದಲ್ಲಿ ಹಿಡಿದು ಅಂಕಿ ಕೂಗಿದಳು. ತಿರುಗಣೆಗಳು ಅರ್ಧದಲ್ಲಿದ್ದಾಗಲೇ ಕಲ್ಲಿನ ತುದಿಯಲ್ಲಿ 160, ನಡುಮೆಟ್ಟಿಲಲ್ಲಿ 100ರ ಸುಮಾರು, ಮರಳಿನ ಬಯಲಿನಲ್ಲಿ 50. ನಮ್ಮ ಹವಳಗಳಿಗೆ ಇದೇ ಬೇಕಾಗಿದ್ದದ್ದು. ಅಂದರೆ ಈ ಅಗ್ಗದ ದೀಪಗಳನ್ನೂ ಪೂರ್ತಿ ಉರಿಸುವ ಅಗತ್ಯವಿರಲಿಲ್ಲ.

ಹೊಸ ದೀಪ ಬಂದ ದಿನವೇ ಅಷ್ಟನ್ನೂ ಕೊಡಲಿಲ್ಲ. ಉಪವಾಸವಿದ್ದ ಹೊಟ್ಟೆಗೆ ಒಮ್ಮೆಲೇ ಬಿರಿಯಾನಿ ಹಾಕಬಾರದಲ್ಲವೇ? ಮಂದವಾದ ಬಲ್ಬಿನಡಿ ಇದ್ದ ಹವಳಕ್ಕೆ ಕಡಿಮೆ ಬೆಳಕಿನಿಂದ ಆರಂಭಿಸಿ, ವಾರ ವಾರ ಸ್ವಲ್ಪ ಏರಿಸಿ ಐದನೆಯ ವಾರಕ್ಕೆ ಅರ್ಧಕ್ಕೆ ತಂದೆವು. ದಿನಕ್ಕೆ 8 ಗಂಟೆ, ಟೈಮರಿನ ಲೆಕ್ಕದಲ್ಲಿ. ಹವಳಕ್ಕೆ ಬಾಯಿಲ್ಲದಿದ್ದರೂ ಅದು ಹೇಳುವುದನ್ನು ಹೇಳುತ್ತದೆ. ಬೆಳಕು ಹೆಚ್ಚಾದರೆ ಮುದುಡಿಕೊಳ್ಳುತ್ತದೆ, ಬಣ್ಣ ಪೇಲವವಾಗುತ್ತದೆ. ಕಡಿಮೆಯಾದರೆ ಕಂದು ಬಣ್ಣಕ್ಕೆ ತಿರುಗಿ ಬೆಳಕಿನತ್ತ ಮೈ ಚಾಚುತ್ತದೆ. ಎರಡನೆಯದಕ್ಕೆ ಸಮಯವಿದೆ, ನಿಧಾನವಾಗಿ ಸರಿಪಡಿಸಬಹುದು. ಮೊದಲನೆಯದಕ್ಕೆ ಅದೇ ದಿನ ಬೆಳಕು ತಗ್ಗಿಸಬೇಕು.

ದುಡ್ಡು ಉಳಿಸಬಾರದ ಒಂದು ಜಾಗವೂ ಇದೆ, ಅದು ಸುರಕ್ಷತೆ. ಉಪ್ಪು ನೀರು ಮತ್ತು ವಿದ್ಯುತ್ ಒಟ್ಟಿಗಿರುವಲ್ಲಿ ಸೋರಿಕೆಯಾದೊಡನೆ ಕರೆಂಟ್ ಕಡಿಯುವ ಇಎಲ್‌ಸಿಬಿ ಇರಲೇಬೇಕು. ದೀಪಕ್ಕೆ ಅರ್ತಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ ಕೈಯಲ್ಲಿ ನೋಡಿಸಿ. ವಯರು ಪ್ಲಗ್ಗಿಗಿಂತ ಕೆಳಗೆ ಜೋತು ಮೇಲಕ್ಕೆ ಬರುವಂತಿರಲಿ, ಆಗ ಹನಿದ ನೀರು ಸಾಕೆಟ್ಟಿಗೆ ಹರಿಯುವುದಿಲ್ಲ. ಒಂದೇ ಕೊಕ್ಕೆಯಲ್ಲಿ ದೀಪ ತೂಗಿಸಬೇಡಿ. ಮಕ್ಕಳು ನೀಲಿ ದೀಪವನ್ನು ದಿಟ್ಟಿಸಿ ನೋಡದಂತೆಯೂ ಎಚ್ಚರ ವಹಿಸಿ.

ಲೆಕ್ಕ ಹೇಳಿಬಿಡುತ್ತೇನೆ. ಮೂರು ದೀಪಗಳಿಗೆ 1,140, ತೂಗಿಸುವ ಕಬ್ಬಿಣದ ಕೈಗಳಿಗೆ 120, ಟೈಮರುಗಳಿಗೆ 50, ಮೀಟರಿನ ಬಾಡಿಗೆ 100. ಒಟ್ಟು 1,410 ದಿರ್ಹಂ. ಅರ್ಧ ಬೆಳಕಿನಲ್ಲಿ ಮೂರೂ ಸೇರಿ ಎಳೆಯುವುದು 180 ವ್ಯಾಟ್, ತಿಂಗಳಿಗೆ 43 ಯುನಿಟ್. ಮೂರು ಬೇರೆ ಬೇರೆ ದೀಪಗಳಿರುವುದರಿಂದ ಒಂದು ಕೆಟ್ಟರೂ ಉಳಿದೆರಡು ಜೀವ ಹಿಡಿದಿಡುತ್ತವೆ. ಹಾಗೆಯೇ ಒಮ್ಮೆ ಒಂದರ ಫ್ಯಾನ್ ನಿಂತಿತು. 30 ದಿರ್ಹಂನಲ್ಲಿ ಸರಿಯಾಯಿತು.

ಆ ಜುಲೈಯಲ್ಲಿ ನಾವು ಐದು ಮಂದಿಯೂ ಊರಿಗೆ ಹೋದೆವು. ಟೈಮರ್ ದೀಪ ನೋಡಿಕೊಂಡಿತು, ನೀರು ಮತ್ತು ಮೀನಿನ ಆಹಾರವನ್ನು ಯಜಮಾನರ ಗೆಳೆಯರೊಬ್ಬರು ನೋಡಿಕೊಂಡರು. ಮಂಗಳೂರಿನ ಮಳೆ ಬಿಡದೆ ಸುರಿಯುತ್ತಿತ್ತು. ಉಮ್ಮ ಮೊಮ್ಮಕ್ಕಳನ್ನು ಸುತ್ತ ಕೂರಿಸಿಕೊಂಡು ಹವಳದ ಫೋಟೋ ನೋಡಿ, "ಇದಕ್ಕೆ ಊಟ ಏನು?" ಎಂದು ಕೇಳಿದರು. "ಬೆಳಕು" ಎಂದಳು ಮಗಳು. "ಹಾಗಾದರೆ ನಮ್ಮ ಊರಿನ ಆಷಾಢದಲ್ಲಿ ಇದಕ್ಕೆ ಉಪವಾಸವೇ ಗತಿ" ಎಂದು ಉಮ್ಮ ನಕ್ಕರು. ತಲಶ್ಶೇರಿಯ ಸಹೋದರಿಗೆ ಈಗಲೂ ತಿಂಗಳಿಗೊಮ್ಮೆ ಫೋಟೋ ಕಳಿಸುತ್ತೇನೆ. ಅವರು ಕೊಟ್ಟಾಗ ಏಳು ತಲೆಗಳಿದ್ದ ಸುತ್ತಿಗೆ ಹವಳದಲ್ಲಿ ಈಗ ಹತ್ತೊಂಬತ್ತು ತಲೆಗಳಿವೆ. ಅದರಿಂದ ತೆಗೆದ ತುಂಡುಗಳು ಇಲ್ಲಿನ ಇನ್ನೆರಡು ಮನೆಗಳಲ್ಲಿ ಬೆಳೆಯುತ್ತಿವೆ.

ನಿಮ್ಮ ಮನೆಯಲ್ಲಿ ಹವಳ ಇಲ್ಲದಿರಬಹುದು. ಸಿಹಿನೀರಿನ ಗಿಡಗಳ ತೊಟ್ಟಿಯೋ, ಬಾಲ್ಕನಿಯ ಬಸಳೆಯೋ, ಮಗುವಿನ ಓದುವ ಮೇಜೋ ಇದ್ದೀತು. ದೀಪ ಕೊಳ್ಳುವ ಮೊದಲು ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಈ ಬೆಳಕು ಯಾರಿಗೆ? ಅವರಿಗೆ ಎಷ್ಟು ಬೇಕು? ಅದು ಎಲ್ಲಿ ಬೀಳಬೇಕು? ತಂದ ಮೇಲೆ ತಿಂಗಳು ತಿಂಗಳು ಎಷ್ಟು ಖರ್ಚು? ಇವುಗಳ ಉತ್ತರವನ್ನು ಚೀಟಿಯಲ್ಲಿ ಬರೆದುಕೊಂಡೇ ಅಂಗಡಿಯ ಮೆಟ್ಟಿಲು ಹತ್ತಿ. ಆ ಮೇಲೆ ಅಂಗಡಿಯವರು ಕೊಡುವ ಪಟ್ಟಿಯನ್ನು ನಿಮ್ಮ ಚೀಟಿಯ ಪಕ್ಕದಲ್ಲಿಟ್ಟು ಓದಿ.